ಎಡಕ್ಕೆ ಬಿಗಿಯುವ ಲೆನ್ಸು

ಲೋಮ್, ಫೆಬ್ರವರಿ 12, 2023

ಕುಮ್ ರೈಚೋ ಅವರಿಗೆ,

ಸಂಜೆ ಐದು ಗಂಟೆ. ಬೆಳಿಗ್ಗೆ ಚರ್ಚಿನಲ್ಲಿ ಒಂದು ಮಗುವಿನ ದೀಕ್ಷಾಸ್ನಾನ ಇತ್ತು. ಮಧ್ಯಾಹ್ನ ಗಿನಾ ಅಜ್ಜಿ ಬಂದು ಫೋಟೋ ತೆಗೆಸಿಕೊಂಡು ಹೋದಳು. ಆಮೇಲೆ ಯಾರೂ ಬರಲಿಲ್ಲ. ನದಿಯ ಕಡೆಯ ಗಾಳಿಗೆ ಅಂಗಡಿಯ ಬೋರ್ಡು ಬಡಿದುಕೊಳ್ಳುತ್ತಿದೆ.

ನನ್ನಿಂದ ಪತ್ರ ಬಂದದ್ದು ನಿಮಗೆ ಆಶ್ಚರ್ಯವಾಗಬಹುದು. ನಿಮ್ಮ ಫೋನ್ ನಂಬರ್ ಇದೆ. ಆದರೆ ಫೋನಿನಲ್ಲಿ ನನಗೆ ಮಾತು ಮುಂದೆ ಹೋಗುವುದಿಲ್ಲ, ಈಗಂತೂ ಇನ್ನೂ ಇಲ್ಲ. ಲ್ಯೂಬೆನ್‌ನನ್ನು ಮಣ್ಣು ಮಾಡಿದ ದಿನ ನೀವು ಸ್ಮಶಾನದ ಬೇಲಿಯಾಚೆ ನಿಂತಿದ್ದನ್ನು ನೋಡಿದೆ. ನನ್ನ, ಲ್ಯೂಬೆನ್‌ನ ಮದುವೆಗೆ ಕುಮ್ ಆಗಿ ಸಾಕ್ಷಿ ನಿಂತವರು ನೀವು, ಒಳಗೆ ಬರುವಿರಿ ಅಂದುಕೊಂಡೆ. ಅದರ ಬಗ್ಗೆ ಬರೆಯಲು ಕೂತಿಲ್ಲ. ಕ್ಯಾಮೆರಾದ ಬಗ್ಗೆ ಕೇಳಬೇಕಿತ್ತು.

ಇವತ್ತು ಅದು ಕೈಕೊಟ್ಟಿತು. ಪಾದ್ರಿ ಮಗುವನ್ನು ಮೂರು ಸಲ ನೀರಿನಲ್ಲಿ ಮುಳುಗಿಸುತ್ತಾರಲ್ಲ, ಮೊದಲನೆಯದು ಸರಿಯಾಗಿ ಬಂತು. ಎರಡನೆಯದರಲ್ಲಿ ಕೆಳಗಿನ ಅರ್ಧ ಕಪ್ಪು. ಮಗುವಿನ ತಲೆ ಇದೆ, ಪಾದ್ರಿಯ ಕೈ ಇಲ್ಲ. ಮೂರನೆಯದಕ್ಕೆ ಶಟರ್ ಬಿದ್ದದ್ದು ಮೇಲೇಳಲೇ ಇಲ್ಲ. ಮಗುವಿನ ಅಜ್ಜ ನನ್ನ ಕಿವಿಯ ಹತ್ತಿರ ಬಂದು, "ಏನಮ್ಮಾ, ಇನ್ನೊಂದ್ಸಲ ಮುಳುಗ್ಸಿ ಅಂತ ಕೇಳೋಣ್ವಾ?" ಅಂದ. ತಮಾಷೆಗೋ ಕೋಪಕ್ಕೋ ತಿಳಿಯಲಿಲ್ಲ. ಉಳಿದದ್ದನ್ನು ಫೋನಿನಲ್ಲೇ ತೆಗೆದೆ. ರಿಪೇರಿಯವನಿಗೆ ಫೋನ್ ಮಾಡಿ ಕೇಳಿದೆ. ಈ ಕ್ಯಾಮೆರಾಕ್ಕೆ ಬಿಡಿಭಾಗ ಬರುವುದು ನಿಂತಿದೆಯಂತೆ. ಹೊಸದು ಬೇಕೇ ಬೇಕು. ಮೇ ಕೊನೆಗೆ ಹನ್ನೆರಡನೇ ತರಗತಿಯವರ ಬೀಳ್ಕೊಡುಗೆ ರಾತ್ರಿಗಳು. ವರ್ಷವಿಡೀ ಅಂಗಡಿ ನಡೆಯುವುದು ಆ ಒಂದು ವಾರದಿಂದ ಅನ್ನುವುದು ನಿಮಗೆ ಗೊತ್ತು.

ಪ್ರಶ್ನೆ ಇಷ್ಟು. ನಮ್ಮ ಹಳದಿ ಪಟ್ಟಿಯ ಕಂಪನಿಯಲ್ಲೇ ಉಳಿಯಲೋ, ನಿಮ್ಮ ಹಾಗೆ ಕೆಂಪು ಉಂಗುರದ ಕಡೆಗೆ ಹೋಗಲೋ? ಎಲ್ಲರೂ ಒಂದೊಂದು ಹೇಳುತ್ತಾರೆ. ಕೆಂಪು ಉಂಗುರದ್ದು ಹಗುರವಂತೆ, ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದಂತೆ. ನನ್ನ ಬಲ ಮಣಿಕಟ್ಟು ಚಳಿಗಾಲವಿಡೀ ನೋಯುತ್ತಿದೆ. ಆದರೆ ಆ ಕಡೆ ಹೋದರೆ ಕಪಾಟಿನಲ್ಲಿರುವ ಲ್ಯೂಬೆನ್‌ನ ಲೆನ್ಸುಗಳನ್ನೆಲ್ಲ ಮಾರಬೇಕು. ನಾಲ್ಕಿವೆ. ಉದ್ದದ್ದೂ ಇದೆ, ಮುಖಗಳದ್ದು.

ಆ ಕಪಾಟು ನಿಮಗೆ ನೆನಪಿದೆ. ಅಗಲದ ಲೆನ್ಸುಗಳು ನಿಮ್ಮವು, ಉದ್ದದವು ಅವನವು. ಒಂದೇ ಶನಿವಾರ ಎರಡು ಮದುವೆ ಬಿದ್ದರೆ ಇಬ್ಬರೂ ಚರ್ಚಿನ ಮೆಟ್ಟಿಲ ಮೇಲೆ ಸೇರಿ ಅದಲುಬದಲು ಮಾಡಿಕೊಳ್ಳುತ್ತಿದ್ದಿರಿ. ಪಕ್ಕದಲ್ಲಿ ಬೆಳಕಿನ ಹಲಗೆ ಹಿಡಿದು ನಿಂತವಳು ನಾನು. ಈಗ ಹಲಗೆ ಹಿಡಿಯುವವರಿಲ್ಲ, ಗೋಡೆಗೆ ಒರಗಿಸುತ್ತೇನೆ.

ಗಿನಾ ಅಜ್ಜಿ, ಸತ್ತ ಮೇಲೆ ಊರಿನ ಕಂಬ-ಬಾಗಿಲುಗಳಿಗೆ ಅಂಟಿಸುವ ತನ್ನ ಸಾವಿನ ಹಾಳೆಗೆ ಮುಂಚಿತವಾಗಿಯೇ ಫೋಟೋ ತೆಗೆಸಿಟ್ಟುಕೊಳ್ಳುತ್ತಿದ್ದಾಳೆ. ಇದು ಮೂರನೇ ಸಲ, ಇವತ್ತಿನದು ಫೋನಿನಲ್ಲೇ. ಹಿಂದಿನವು ಹಿಡಿಸಲಿಲ್ಲವಂತೆ. "ಸುಕ್ಕು ತೆಗಿ ಮಗಳೇ, ಆದ್ರೆ ಎಲ್ಲಾ ತೆಗೀಬೇಡ. ಬಸ್ ಸ್ಟಾಪಲ್ಲಿ ನೋಡ್ದೋರು ಇವಳ್ಯಾರಪ್ಪಾ ಅನ್ಬಾರ್ದು" ಅಂದಳು. ಆಮೇಲೆ, "ಸ್ತಾನ್ಕಾಳ ಹಾಳೆ ಕಂಬದ ಮೇಲೆ ನೋಡ್ದೆ. ಗುರುತಿನ ಚೀಟಿ ಫೋಟೋನೇ ಹಾಕ್ಬಿಟ್ಟಿದಾರೆ. ಪೊಲೀಸ್ನೋರು ಹುಡುಕ್ತಿರೋ ಹಾಗಿತ್ತು, ಪಾಪ" ಅಂದಳು. ನಾನೂ ಲ್ಯೂಬೆನ್‌ನದಕ್ಕೆ ಅದನ್ನೇ ಹಾಕಿದ್ದೆ. ಅಂದುಬಿಟ್ಟ ಮೇಲೆ ಅವಳಿಗೆ ಅದು ಹೊಳೆದಿರಬೇಕು, ಕರವಸ್ತ್ರ ಹುಡುಕತೊಡಗಿದಳು.

ನೀವು ಒಮ್ಮೆ ಬದಲಾಯಿಸಿದವರು. ನಿಮಗೆ ಗೊತ್ತಿರುತ್ತದೆ ಅಂತ ಕೇಳುತ್ತಿದ್ದೇನೆ.

ನಾಳೆ ಸೋಮವಾರ, ಪಾದ್ರಿಗೆ ಅರ್ಧ ಕಪ್ಪಾದ ಫೋಟೋ ತೋರಿಸಬೇಕು.

ನೆವೆನಾ

*

ಪ್ಲೊವ್ದಿವ್, ಫೆಬ್ರವರಿ 24, 2023

ನೆವೆನಾ,

ನಿನ್ನ ಪತ್ರ ಮೇಜಿನ ಮೇಲೆ ಒಂದು ವಾರ ಇತ್ತು.

ಬದಲಾಯಿಸಬೇಡ.

ಕ್ಯಾಮೆರಾ ಒಳ್ಳೆಯದು ಕೆಟ್ಟದ್ದು ಅನ್ನುವ ಮಾತಲ್ಲ. ಎರಡೂ ಒಳ್ಳೆಯವೇ. ತೊಂದರೆ ಕೈಯದು. ನಿಮ್ಮ ಲೆನ್ಸು ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಇವರದು ಬಲಕ್ಕೆ. ನಿಮ್ಮದರಲ್ಲಿ ಫೋಕಸ್ ದೂರಕ್ಕೆ ಹೋಗುವ ಕಡೆ ತಿರುಗಿಸಿದರೆ ಇವರದರಲ್ಲಿ ಹತ್ತಿರಕ್ಕೆ ಬರುತ್ತದೆ. ಇದನ್ನು ತಲೆ ಒಂದು ಮಧ್ಯಾಹ್ನದಲ್ಲಿ ಕಲಿಯುತ್ತದೆ. ಕೈಗೆ ಹೇಳಿದರೂ ಅದು ಕೇಳುವುದಿಲ್ಲ. ನಾನು ಬದಲಾಯಿಸಿದ ವರ್ಷ ಅಸೆನೊವ್‌ಗ್ರಾದ್‌ನ ಒಂದು ಮದುವೆಯಲ್ಲಿ ಲೆನ್ಸು ಬಿಗಿದೆ ಅಂತ ಕ್ಯಾಮೆರಾ ಹೆಗಲಿಗೇರಿಸಿದೆ. ಬಿಗಿದಿರಲಿಲ್ಲ, ಬಿಚ್ಚಿದ್ದೆ. ಲೆನ್ಸು ಚರ್ಚಿನ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಹೋಯಿತು. ಮದುಮಗನ ಅಪ್ಪ ಅದನ್ನು ಎತ್ತಿ ತಂದುಕೊಟ್ಟು, "ಫೋಟೋದವ್ರೇ, ನಮ್ಮ ಕಡೆ ಅಕ್ಕಿ ಎರಚ್ತಾರೆ, ನಿಮ್ಮ ಕಡೆ ಇದಾ?" ಅಂದ. ನಗದವರು ಯಾರೂ ಇರಲಿಲ್ಲ.

ಹೇಗಿದ್ದರೂ ಒಂದು ಮಾತು: ಲೆನ್ಸು ಬದಲಾಯಿಸುವಾಗ ಕೂತುಕೋ. ಮಡಿಲ ಮೇಲೆ ಇಟ್ಟುಕೊಂಡು ಬದಲಾಯಿಸು.

ಮಾರ್ಚ್ ಒಂದಕ್ಕೆ ಒಳ್ಳೆಯದಾಗಲೆಂದು ಕೈಗೆ ಕಟ್ಟುವ ದಾರ ಇದರೊಳಗೆ ಇದೆ. ಶೋಕದ ಈ ವರ್ಷ ನೀನು ಕೆಂಪು ಕಟ್ಟುತ್ತೀಯೋ ಇಲ್ಲವೋ ಗೊತ್ತಾಗಲಿಲ್ಲ. ಅದಕ್ಕೆ ಕೆಂಪನ್ನೂ ಬಿಳಿಯನ್ನೂ ಹೊಸೆಯದೆ ಬೇರೆಬೇರೆ ಇಟ್ಟಿದ್ದೇನೆ.

ರೈಚೋ

*

ಲೋಮ್, ಮಾರ್ಚ್ 11, 2023

ಕುಮ್ ರೈಚೋ ಅವರಿಗೆ,

ಸಂಜೆ ಆರು ಗಂಟೆ. ನಿನ್ನೆಯಿಡೀ ಸೋಫಿಯಾದಲ್ಲಿದ್ದೆ. ಇವತ್ತು ಅಂಗಡಿ ತೆರೆದೆ ಅಷ್ಟೇ, ಕೆಲಸ ಮಾಡಲಿಲ್ಲ. ಒಂದು ಕಡೆ ಕೂರಲಾಗುತ್ತಿಲ್ಲ. ಎರಡು ಸಲ ನದಿ ದಡದವರೆಗೆ ನಡೆದು ಬಂದೆ.

ಬಿಳಿ ದಾರ ಕಟ್ಟಿಕೊಂಡಿದ್ದೇನೆ. ಕೆಂಪನ್ನು ಲ್ಯೂಬೆನ್‌ನ ಕ್ಯಾಮೆರಾ ಚೀಲಕ್ಕೆ ಕಟ್ಟಿದೆ.

ನೀವು ಬದಲಾಯಿಸಬೇಡ ಅಂದದ್ದು ಓದಿ ನಿರಾಳವಾಗಿತ್ತು. ನಿಜವಾಗಿ ಆ ಮಾತು ಬರಲಿ ಅಂತಲೇ ಕಾದಿದ್ದೆ. ನಾಲ್ಕೂ ಲೆನ್ಸುಗಳನ್ನು ಚೀಲದಲ್ಲಿ ಹಾಕಿಕೊಂಡು, ನಮ್ಮ ಕಂಪನಿಯ ಹೊಸ ಕ್ಯಾಮೆರಾ ಕೊಳ್ಳುವುದೇ ಅಂತ ಬೆಳಗಿನ ಬಸ್ಸು ಹತ್ತಿದೆ. ಈಗ ಬರುವವೆಲ್ಲ ಒಳಗೆ ಕನ್ನಡಿ ಇಲ್ಲದವು. ನಮ್ಮ ಹಳೆಯ ಲೆನ್ಸುಗಳನ್ನು ಕೂರಿಸಲು ನಡುವೆ ಒಂದು ಬಳೆ ಹಾಕುತ್ತಾರೆ. ಅಂಗಡಿಯ ಹುಡುಗಿ ಮೂರು ಲೆನ್ಸು ಹಾಕಿ ತೋರಿಸಿದಳು. ಅವು ಚಕಚಕ ಫೋಕಸ್ ಆದವು. ನಾಲ್ಕನೆಯದು ಉದ್ದದ್ದು. ಗುಂಡಿ ಒತ್ತಿದೆ. ಏನೂ ಅಲುಗಲಿಲ್ಲ. ಮತ್ತೆ ಒತ್ತಿದೆ.

"ಆಂಟಿ, ಇದರೊಳಗೆ ಮೋಟಾರ್ ಇಲ್ಲ" ಅಂದಳು. "ಹಳೇ ಕ್ಯಾಮೆರಾದಲ್ಲಿ ಒಂದು ಸ್ಕ್ರೂಡ್ರೈವರ್ ತುದಿ ಥರ ಇತ್ತಲ್ಲ, ಅದೇ ಇದನ್ನ ತಿರುಗಿಸ್ತಿತ್ತು. ಹೊಸದರಲ್ಲಿ ಅದನ್ನ ತೆಗೆದುಬಿಟ್ಟಿದಾರೆ. ಇನ್ನು ಕೈಯಲ್ಲೇ ತಿರುಗಿಸ್ಕೋಬೇಕು."

"ನಿಮ್ಮದೇ ಕಂಪನಿ ಲೆನ್ಸು ಅಲ್ವೇನಮ್ಮಾ?" ಅಂದೆ.

"ನಮ್ಮದೇ. ಆದ್ರೆ ಇದು ನನಗಿಂತ ದೊಡ್ಡದು ವಯಸ್ಸಲ್ಲಿ."

ಕೆಟ್ಟ ಹುಡುಗಿಯಲ್ಲ. ನನ್ನ ಮುಖ ನೋಡಿ ನೀರು ತಂದುಕೊಟ್ಟಳು. ಕೆಂಪು ಉಂಗುರದ್ದನ್ನೂ ಕೈಗೆ ಕೊಟ್ಟಳು. ಹಗುರ ನಿಜ. ಮಣಿಕಟ್ಟು ಏನೂ ಹೇಳಲಿಲ್ಲ. ಆದರೆ ಒತ್ತಿದಾಗ ಶಬ್ದವೇ ಇಲ್ಲ. ಬೇಕಾದರೆ ಶಬ್ದ ಹಾಕಿಕೊಳ್ಳಬಹುದಂತೆ, ಪುಟ್ಟ ಪೆಟ್ಟಿಗೆಯೊಳಗಿಂದ ಬರುವ ಹಾಗೆ. ನಮ್ಮೂರಿನವರು ಆ ಕ್ಲಿಕ್ ಬಿದ್ದ ಮೇಲೇ ಉಸಿರು ಬಿಡುವವರು.

ಏನನ್ನೂ ಕೊಳ್ಳದೆ ಹೊರಬಂದೆ. ಎತ್ತ ಹೋಗಬೇಕೆಂದು ತಿಳಿಯದೆ ಅರಮನೆ ತೋಟದ ಸುತ್ತ ನಡೆದೆ. ಚೆಸ್ ಆಡುವ ಮುದುಕರ ಹತ್ತಿರ ನಿಂತೆ. ಅವರು ಒಂದು ಆಟ ಮುಗಿಸಿ ಇನ್ನೊಂದು ಹೂಡಿದರು. ಬಸ್ಸು ತಪ್ಪಿತು, ಮುಂದಿನದಕ್ಕೆ ಬಂದೆ.

ಉಳಿದರೂ ಉಳಿದ ಹಾಗಲ್ಲ ಅಂದರೆ ಏನು ಮಾಡುವುದು? ಲ್ಯೂಬೆನ್ ಇದ್ದಿದ್ದರೆ ಎರಡು ಕಂಪನಿಗಳನ್ನೂ ಬೈದು, ಹಳೆಯ ಕ್ಯಾಮೆರಾವನ್ನೇ ರಬ್ಬರ್ ಪಟ್ಟಿ ಕಟ್ಟಿ ನಡೆಸುತ್ತಿದ್ದ. ನನಗೆ ಆ ಧೈರ್ಯ ಇಲ್ಲ. ರಾತ್ರಿ ಊಟ ಆದಮೇಲೆ ಲೆನ್ಸುಗಳನ್ನು ತೆಗೆದು ಒರೆಸುತ್ತೇನೆ, ಒಳಗಿಡುತ್ತೇನೆ. ಧೂಳು ಇರುವುದಿಲ್ಲ.

ಇನ್ನೊಂದು ವಿಷಯ. ಮೇ ಇಪ್ಪತ್ತೊಂಬತ್ತಕ್ಕೆ ಅವನು ಹೋಗಿ ವರ್ಷ. ವರ್ಷದ ಹಾಳೆ ಅಂಟಿಸಬೇಕು. ನಲವತ್ತನೇ ದಿನಕ್ಕೂ ಆರು ತಿಂಗಳಿಗೂ ಗುರುತಿನ ಚೀಟಿಯ ಫೋಟೋವೇ ಆಯಿತು. ಬೇರೆ ಹುಡುಕಿದೆ. ಎಲ್ಲ ಮದುವೆಗಳಲ್ಲೂ ಅವನ ಮೊಣಕೈ ಇದೆ, ಒಂದರಲ್ಲಿ ಬೆನ್ನು ಇದೆ. ನಿಮ್ಮ ಹತ್ತಿರ ಏನಾದರೂ ಇದೆಯೇ?

ನೀವು ಊರು ಬಿಟ್ಟು ಹೋದ ದಿನ ನೀವಿಬ್ಬರೂ ಅಂಗಡಿಯಲ್ಲಿ ಏನು ಮಾತಾಡಿಕೊಂಡಿರಿ ಅಂತ ಅವನು ನನಗೆ ಹೇಳಲಿಲ್ಲ. ನಾನು ಮಾರುಕಟ್ಟೆಗೆ ಹೋಗಿದ್ದೆ. ಬರುವಷ್ಟರಲ್ಲಿ ಕಪಾಟಿನ ನಿಮ್ಮ ಅರ್ಧ ಖಾಲಿ ಇತ್ತು.

ನಾಳೆ ಭಾನುವಾರ. ಎಲ್ಲಿಯೂ ಕೆಲಸ ಒಪ್ಪಿಕೊಂಡಿಲ್ಲ.

ನೆವೆನಾ

*

ಲೋಮ್, ಏಪ್ರಿಲ್ 3, 2023

ಕುಮ್ ರೈಚೋ ಅವರಿಗೆ,

ಬೆಳಿಗ್ಗೆ ಎಂಟು. ನಿಮ್ಮಿಂದ ಉತ್ತರ ಇಲ್ಲ. ಇದನ್ನು ಅಂಚೆಗೆ ಹಾಕಿ ಅಂಗಡಿ ತೆರೆಯುತ್ತೇನೆ.

ವ್ರಾತ್ಸಾದಿಂದ ಒಬ್ಬ ಹುಡುಗ ಬಂದಿದ್ದ. ನಮ್ಮ ಕಂಪನಿಯ ಹಳೆಯ ಕ್ಯಾಮೆರಾ ಇಟ್ಟುಕೊಂಡಿದ್ದಾನೆ, ಲೆನ್ಸುಗಳು ಬೇಕಂತೆ. "ಅಕ್ಕಾ, ನಾಲ್ಕೂ ಒಟ್ಟಿಗೆ ಕೊಟ್ರೆ ಇವತ್ತೇ ತಗೋತೀನಿ. ಬಿಡಿಬಿಡಿ ಬೇಡ. ಆ ಉದ್ದದ್ದಿಲ್ದಿದ್ರೆ ಉಳಿದವು ಯಾಕೆ ನಂಗೆ?" ಅಂದ. ಬೆಲೆಯೂ ನ್ಯಾಯವಾಗಿಯೇ ಇತ್ತು. ಅವನ ಕ್ಯಾಮೆರಾದಲ್ಲಿ ಆ ತುದಿ ಇದೆ. ಉದ್ದದ್ದನ್ನು ಹಾಕಿದಾಗ ಅದು ಮೊದಲಿನ ಹಾಗೇ ಗರಗರ ಅಂದು ಫೋಕಸ್ ಹಿಡಿಯಿತು. ಆ ಸದ್ದು ಕೇಳಿ ವರ್ಷವಾಗುತ್ತಾ ಬಂದಿತ್ತು. ಹಿಂದಿನ ಕೋಣೆಗೆ ಹೋಗಿ ನಿಂತೆ.

ಈಸ್ಟರ್ ಕಳೆದ ಶನಿವಾರ ಬಾ ಅಂದಿದ್ದೇನೆ. ಪೆಟ್ಟಿಗೆ ಕಟ್ಟಿಟ್ಟಿದ್ದೇನೆ. ನಿನ್ನೆ ಬಿಚ್ಚಿದೆ. ಮತ್ತೆ ಕಟ್ಟಿದೆ.

ಅವನ ಹತ್ತಿರ ಅದು ಪೂರ್ತಿ ಕೆಲಸ ಮಾಡುತ್ತದೆ, ನನ್ನ ಹತ್ತಿರ ಇನ್ನು ಅರ್ಧ. ಹಾಗಾದರೆ ಕೊಡುವುದೇ ಸರಿಯಲ್ಲವೇ? ಹೌದು ಅಥವಾ ಇಲ್ಲ ಅಂತ ಬರೆಯಿರಿ, ಸಾಕು.

ನಾಳೆ ಹತ್ತು ಗಂಟೆಗೆ ಶಾಲೆಯಲ್ಲಿ ಮಕ್ಕಳ ಗುಂಪು ಫೋಟೋ, ಬಾಡಿಗೆಯ ಕ್ಯಾಮೆರಾದಲ್ಲಿ.

ನೆವೆನಾ

*

ಪ್ಲೊವ್ದಿವ್, ಏಪ್ರಿಲ್ 8, 2023

ನೆವೆನಾ,

ಇಲ್ಲ. ಉದ್ದದ್ದನ್ನು ಕೊಡಬೇಡ.

ಫೆಬ್ರವರಿಯಲ್ಲಿ ನಾನು ಹೇಳಿದ್ದು ತಪ್ಪು ಲೆಕ್ಕ. ನೀನು ಅಲ್ಲೇ ಉಳಿದರೆ ಅವನ ಲೆನ್ಸುಗಳೂ ಉಳಿಯುತ್ತವೆ ಅಂದುಕೊಂಡಿದ್ದೆ. ಮೋಟಾರಿನ ವಿಷಯ ಹೊಳೆಯಲಿಲ್ಲ. ಇಷ್ಟು ವರ್ಷ ಆಚೆ ಕಡೆ ಇದ್ದವನಿಗೆ ಈಚೆಯ ಸುದ್ದಿ ತಿಳಿದಿರುವುದಿಲ್ಲ.

ಕೊರಿಯರಿನಲ್ಲಿ ಒಂದು ಪೆಟ್ಟಿಗೆ ಬರುತ್ತದೆ. ನನ್ನ ಎರಡನೇ ಕ್ಯಾಮೆರಾ, ಅಗಲದ ಒಂದು ಲೆನ್ಸು, ಮತ್ತೆ ಒಂದು ಬಳೆ. ಅಂಗಡಿಯವರು ಇದನ್ನು ಮಾರುವುದಿಲ್ಲ, ಇಲ್ಲಿ ಒಬ್ಬ ಬೇರೆಯವನು ಮಾಡುತ್ತಾನೆ. ಕ್ಯಾಮೆರಾದ ಕಡೆ ಬಲಕ್ಕೆ ಬಿಗಿಯುತ್ತದೆ, ಮುಂದಿನ ಕಡೆ ಎಡಕ್ಕೆ. ಉದ್ದದ್ದನ್ನು ಇದಕ್ಕೆ ಹಾಕು. ಕೈಯಲ್ಲೇ ಫೋಕಸ್ ಮಾಡಬೇಕು. ನಿಮ್ಮ ಕಂಪನಿಯ ಹೊಸದರಲ್ಲೂ ಕೈಯಲ್ಲೇ ಅಲ್ಲವೇ? ಆದರೆ ಲೆನ್ಸಿನ ಉಂಗುರ ಅವನದು, ಅವನು ತಿರುಗಿಸುತ್ತಿದ್ದ ಕಡೆಗೇ ತಿರುಗುತ್ತದೆ. ಅಷ್ಟರ ಮಟ್ಟಿಗೆ ಕೈ ಹೊಸದೇನೂ ಕಲಿಯಬೇಕಾಗಿಲ್ಲ.

ಬೀಳ್ಕೊಡುಗೆ ರಾತ್ರಿಗಳವರೆಗೆ ಇಟ್ಟುಕೊಂಡು ನೋಡು. ಒಗ್ಗದಿದ್ದರೆ ವಾಪಸ್ ಕಳಿಸು. ಒಗ್ಗಿದರೆ ನನ್ನ ಬಳಿ ಅಗಲದವು ಇನ್ನೂ ಎರಡು ಇವೆ. ಉದ್ದದ್ದು ನಾನು ಕೊಳ್ಳಲೇ ಇಲ್ಲ.

ಫೋಟೋ ಒಂದು ಇದೆ. ಆಗುವುದಿಲ್ಲ. ಮಸುಕು.

ಅವತ್ತಿನದೇ. ಹೊಸ ಕ್ಯಾಮೆರಾ ತಂದಿದ್ದೆ, ಅವನಿಗೆ ಮೊದಲು ತೋರಿಸಬೇಕು ಅಂತ. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂರಿಸಿದೆ. ಮುಖಗಳಿಗೆ ಕೈಯಲ್ಲೇ ಫೋಕಸ್ ಮಾಡುವುದು ನಮ್ಮಿಬ್ಬರ ಅಭ್ಯಾಸ. ತಿರುಗಿಸಿದರೆ ಮುಖ ದೂರ ಹೋಗುತ್ತದೆ. ವಾಪಸ್ ತರಲು ಹೋದರೆ ಇನ್ನೂ ದೂರ. ಅವನು ನೋಡುತ್ತಲೇ ಇದ್ದ. "ಕುಮೇ, ಫೋಟೋ ತೆಗೀತಿದೀಯೋ ಜಾಡಿ ಮುಚ್ಚಳ ತೆಗೀತಿದೀಯೋ? ತಡಿ, ನೆವೆನಾನ ಕರೀತೀನಿ, ಉಪ್ಪಿನಕಾಯಿ ಜಾಡಿ ತೆರೆಯೋದ್ರಲ್ಲಿ ಅವಳ ಕೈ ಗಟ್ಟಿ" ಅಂದ. ಅಂದು ನಗಲು ಶುರು ಮಾಡಿದ. ಅವನು ನಗಲು ಶುರು ಮಾಡಿದರೆ ಹೇಗೆ ಅಂತ ಗೊತ್ತಲ್ಲ. ಗುಂಡಿ ಒತ್ತಿದೆ. ಆಮೇಲೆ ನಾನೂ ಒಂದು ಮಾತಾಡಿದೆ, ಅವನೂ ಒಂದು ಮಾತಾಡಿದ.

ಅದು ನೋಡುವ ಫೋಟೋ ಅಲ್ಲ.

ರೈಚೋ

*

ಲೋಮ್, ಏಪ್ರಿಲ್ 23, 2023

ಕುಮ್ ರೈಚೋ ಅವರಿಗೆ,

ಸಂಜೆ ಏಳು. ನಿನ್ನೆ ಶನಿವಾರ ವ್ರಾತ್ಸಾದ ಹುಡುಗ ಬಂದ. ಪೆಟ್ಟಿಗೆ ತೆರೆದು ಮೂರೇ ಇರುವುದು ನೋಡಿ ಮುಖ ಹುಳಿ ಮಾಡಿದ. "ಅಕ್ಕಾ, ಮಾತು ಮಾತಾಗಿರ್ಬೇಕಲ್ವಾ?" ಅಂದ. ಅವನು ಹೇಳಿದ್ದು ಸರಿ. ಈಸ್ಟರಿನ ಸಿಹಿ ರೊಟ್ಟಿ, ಎರಡು ಕೆಂಪು ಮೊಟ್ಟೆ ಕೊಟ್ಟೆ. ಮೊಟ್ಟೆ ಒಡೆಯುವ ಆಟದಲ್ಲಿ ಅವನದು ನನ್ನದನ್ನು ಒಡೆಯಿತು. ಅದರಿಂದ ಸ್ವಲ್ಪ ಸಮಾಧಾನವಾಗಿ ಮೂರನ್ನೂ ತೆಗೆದುಕೊಂಡು ಹೋದ. ಕಪಾಟಿನಲ್ಲಿ ಈಗ ಒಂದೇ.

ಮಾರಿದ್ದು ಸರಿಯೋ ತಪ್ಪೋ ಇವತ್ತು ಬೆಳಗಿನಿಂದ ಹತ್ತು ಸಲ ಬದಲಾಯಿತು. ಈಗ ಏಳು ಗಂಟೆಗೆ ಸರಿ ಅನ್ನಿಸುತ್ತಿದೆ.

ನಿಮ್ಮ ಪೆಟ್ಟಿಗೆ ಈಸ್ಟರಿಗೆ ಮುಂಚೆಯೇ ಬಂತು. ಮೂರು ದಿನ ಬಿಚ್ಚಲಿಲ್ಲ. ಬಳೆ ಹಾಕಿ ಉದ್ದದ್ದನ್ನು ಕೂರಿಸಿದ್ದು ಮೊನ್ನೆ, ಗಿನಾ ಅಜ್ಜಿ ನಾಲ್ಕನೇ ಸಲ ಬಂದಾಗ. ಕುರ್ಚಿಯ ಮೇಲೆ ಕೂತು, ಉಸಿರು ಹಿಡಿದು, ಗಲ್ಲ ಮೇಲೆತ್ತಿದಳು. ನಾನು ತಿರುಗಿಸಿದೆ. ಅವಳ ಕಣ್ಣಿನ ಪೊರೆ ಕಾಣಿಸುವಷ್ಟು ಚೆನ್ನಾಗಿ ಬಂತು. ಏಳೆಂಟು ತೆಗೆದೆ. ಅವಳು ಕೂತೇ ಇದ್ದಾಳೆ, ಮುಖ ಕೆಂಪಗಾಗುತ್ತಿದೆ.

"ಆಯ್ತಜ್ಜಿ" ಅಂದೆ.

"ಆಯ್ತಾ? ಸದ್ದೇ ಬರ್ಲಿಲ್ವಲ್ಲೇ! ಇನ್ನೊಂದ್ ನಿಮಿಷ ಬಿಟ್ಟಿದ್ರೆ ಉಸಿರು ಕಟ್ಟಿ ಹೋಗಿರ್ತಿದ್ದೆ. ಫೋಟೋ ಇವತ್ತೇ ಉಪಯೋಗಕ್ಕೆ ಬರ್ತಿತ್ತು ನಿಂಗೆ."

ಆಮೇಲಿಂದ ಒತ್ತುವಾಗ ಬಾಯಲ್ಲೇ "ಟಕ್" ಅನ್ನುತ್ತೇನೆ.

ಆ ಫೋಟೋ ಕಳಿಸಿ. ಮಸುಕಾದರೂ ಕಳಿಸಿ. ನೋಡುವ ಫೋಟೋವೋ ಅಲ್ಲವೋ ನಾನು ನೋಡಿ ಹೇಳುತ್ತೇನೆ. ನೀವಿಬ್ಬರೂ ಆಡಿದ ಒಂದೊಂದು ಮಾತು ನನಗೆ ಬೇಡ. ಅವನು ಹೇಳಲಿಲ್ಲ, ನೀವೂ ಹೇಳಬೇಡಿ.

ಮೇ ಇಪ್ಪತ್ತೊಂಬತ್ತು ಸೋಮವಾರ. ಹನ್ನೊಂದಕ್ಕೆ ಸಮಾಧಿಯ ಹತ್ತಿರ, ಆಮೇಲೆ ಮನೆಯಲ್ಲಿ ಊಟ. ಕುಮ್ ಕೂರುವ ಜಾಗ ಯಾವುದು ಅಂತ ನಾನು ಹೇಳಬೇಕಾಗಿಲ್ಲ. ನಮ್ಮ ಮದುವೆಯಲ್ಲಿ ಮೋಂಬತ್ತಿ ಹಿಡಿದವರು ನೀವು. ನಲವತ್ತನೇ ದಿನವೂ ಆ ಕುರ್ಚಿಯಲ್ಲಿ ಯಾರನ್ನೂ ಕೂರಿಸಲಿಲ್ಲ.

ನಾಳೆಯಿಂದ ದಿನಕ್ಕೆ ಅರ್ಧ ಗಂಟೆ ನಿಮ್ಮ ಅಗಲದ ಲೆನ್ಸನ್ನು ತೆಗೆದು ಹಾಕಿ ಅಭ್ಯಾಸ ಮಾಡುತ್ತೇನೆ, ಕೂತುಕೊಂಡು.

ನೆವೆನಾ

*

ಪ್ಲೊವ್ದಿವ್, ಮೇ 9, 2023

ಮದುಮಗಳೇ,

ಹೀಗೆ ಕರೆಯಬಹುದೋ ಇಲ್ಲವೋ ಅಂತ ಎರಡು ಪತ್ರಗಳಲ್ಲಿ ಕರೆಯಲಿಲ್ಲ. ಕುಮ್ ಆದವನು ಕೊನೆಯವರೆಗೂ ಹಾಗೇ ಕರೆಯಬೇಕು ಅನ್ನುತ್ತಿದ್ದಳು ನನ್ನ ತಾಯಿ.

ಫೋಟೋ ಇದರೊಳಗಿದೆ. ಸರಿಪಡಿಸಲು ನೋಡಿದೆ. ಈಗ ಯಂತ್ರಗಳು ಇಲ್ಲದ ಕಣ್ಣುರೆಪ್ಪೆಯನ್ನೂ ಬರೆದುಕೊಡುತ್ತವೆ. ಚೊಕ್ಕವಾಗಿ ಬಂತು, ಆದರೆ ಅದು ಯಾರೋ. ಅಳಿಸಿಬಿಟ್ಟೆ. ಇದು ಇದ್ದ ಹಾಗೇ ಇದೆ.

ಇಪ್ಪತ್ತೊಂಬತ್ತರ ಬಗ್ಗೆ ಇನ್ನೂ ಏನೂ ಹೇಳಲಾರೆ.

ಬಲಕ್ಕೆ ಬಿಗಿ. ಮರೆಯಬೇಡ.

ರೈಚೋ

*

ಲೋಮ್, ಮೇ 28, 2023

ಕುಮ್ ರೈಚೋ ಅವರಿಗೆ,

ಸಂಜೆ ಆರು ಗಂಟೆ. ಬೆಳಿಗ್ಗೆ, ನಾಳೆ ಸಮಾಧಿಯ ಹತ್ತಿರ ಹಂಚುವ ಗೋಧಿ ಬೇಯಿಸಿ ಬಟ್ಟೆಯ ಮೇಲೆ ಆರಲು ಹರಡಿದೆ. ಮಧ್ಯಾಹ್ನ ಹಾಳೆಗಳನ್ನು ಮುದ್ರಿಸಿದೆ. ಈಗ ಸಕ್ಕರೆ ಪುಡಿ ಮಾಡಬೇಕು, ಅದಕ್ಕೂ ಮುಂಚೆ ಇದನ್ನು ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೂ ಇದು ನಾಳೆಗೆ ನಿಮಗೆ ತಲುಪುವುದಿಲ್ಲ. ನೀವು ಬಂದರೆ ಕೈಗೇ ಕೊಡುತ್ತೇನೆ.

ಬೀಳ್ಕೊಡುಗೆ ರಾತ್ರಿಗಳು ಮುಗಿದವು. ಊರಿಡೀ ಮಕ್ಕಳು ಕಾರುಗಳ ಕಿಟಕಿಯಿಂದ ಹೊರಗೆ ಬಗ್ಗಿ ಒಂದರಿಂದ ಹನ್ನೆರಡರವರೆಗೆ ಕೂಗಿದ್ದೇ ಕೂಗಿದ್ದು. ನಿಮ್ಮ ಕ್ಯಾಮೆರಾ ಒಮ್ಮೆಯೂ ತಪ್ಪಲಿಲ್ಲ. ತಪ್ಪಿದ್ದು ನಾನು. ಬುಧವಾರ ಶಾಲೆಯ ಮುಂದೆ ಒಬ್ಬ ಹುಡುಗಿ, ಹಸಿರು ಉಡುಪು, ಎತ್ತರದ ಹಿಮ್ಮಡಿ, ಅಮ್ಮ ಸರ ಸರಿಮಾಡುತ್ತಿದ್ದಾಳೆ. ನಾನು ಬೆಂಚಿನ ಮೇಲೆ ಕೂತು ಉದ್ದದ್ದನ್ನು ತೆಗೆದು ನಿಮ್ಮ ಅಗಲದ್ದನ್ನು ಹಾಕಿದೆ. ಬಿಗಿದೆ. ಎದ್ದೆ. ಬಿಗಿದಿರಲಿಲ್ಲ. ಎಡಕ್ಕೆ ತಿರುಗಿಸಿದ್ದೆ. ಒಂದು ತಿಂಗಳ ಅಭ್ಯಾಸವನ್ನೆಲ್ಲ ಕೈ ಮರೆತುಬಿಟ್ಟಿತ್ತು. ಲೆನ್ಸು ಜಾರಿತು. ಪೂರ್ತಿ ಎದ್ದಿರಲಿಲ್ಲ, ಪಾವಡೆಯ ಮಡಿಕೆಯಲ್ಲೇ ಸಿಕ್ಕಿಕೊಂಡಿತು. ಹುಡುಗಿ ನಗತೊಡಗಿದಳು. "ನೆವೆನಾ ಆಂಟಿ, ಕ್ಯಾಮೆರಾ ಮೊಟ್ಟೆ ಇಟ್ಟಿತು!" ಅಂದಳು. ಅವಳಮ್ಮ ಗದರಿದಳು. ನಾನು ಮತ್ತೆ ಹಾಕಿ, ಅವಳು ನಗುತ್ತಿರುವಾಗಲೇ ತೆಗೆದೆ. ಈ ವರ್ಷದ ಎಲ್ಲದರಲ್ಲೂ ಅದೇ ಚೆನ್ನಾಗಿ ಬಂದಿದೆ.

ಮನೆಗೆ ಬಂದು ಜಾಡಿಗಳ ಕಪಾಟಿನ ಮುಂದೆ ನಿಂತೆ. ಅವನು ನಗಬೇಕಿತ್ತು ಅನ್ನಿಸಿತು. ನನ್ನನ್ನೇ, ಕಣ್ಣಲ್ಲಿ ನೀರು ಬರುವವರೆಗೆ. ನಿಮ್ಮ ಹಾಗೆ ಅಂಗಡಿಯಿಂದ ಎದ್ದು ಹೋಗಲು ನನಗೆ ಬೇರೆ ಊರಿಲ್ಲ, ಆದ್ದರಿಂದ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ಸೋಫಿಯಾದ ಹುಡುಗಿಗೆ ಫೋನ್ ಮಾಡಿ ಹೊಸ ಕ್ಯಾಮೆರಾಕ್ಕೆ ಹೇಳಿದ್ದೇನೆ. ನಿಮ್ಮ ಕಂಪನಿಯದು, ಜೂನ್ ಹತ್ತಕ್ಕೆ ಬರುತ್ತದೆ. ಅದು ಬಂದ ಮೇಲೆ ನಿಮ್ಮದನ್ನು ವಾಪಸ್ ಕಳಿಸುತ್ತೇನೆ. ಅಗಲದ ಲೆನ್ಸನ್ನು ಕಳಿಸುವುದಿಲ್ಲ. ಅದು ಕಪಾಟಿನಲ್ಲಿ ಮೊದಲಿನ ಜಾಗದಲ್ಲಿದೆ. ಉದ್ದದ್ದು ನಿಮಗೆ ಬೇಕಾದ ಶನಿವಾರ ಹೇಳಿ.

ಬದಲಾಯಿಸಿದ್ದು ಸರಿಯೇ ಅಂತ ಇನ್ನೂ ಗೊತ್ತಿಲ್ಲ. ಕೈ ಸುಮ್ಮನಿರುವುದಿಲ್ಲ. ಬರೆಯುವಾಗಲೂ ಎಡಗೈ ಮೇಜಿನ ಮೇಲೆ ಏನನ್ನೋ ತಿರುಗಿಸುತ್ತಿದೆ, ಯಾವ ಕಡೆಗೆ ಅಂತ ನೋಡಿಲ್ಲ.

ಹಾಳೆಗೆ ಆ ಫೋಟೋವನ್ನೇ ಹಾಕಿದೆ. ಮುದ್ರಿಸಿ ಗೋಡೆಗೆ ಒರಗಿಸಿದಾಗ ಭಯವಾಯಿತು. ಕೆನ್ನೆ ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಬಾಯಿ ತೆರೆದಿದೆ. ಒಂದು ಕೈ ಮಂಡಿಯ ಮೇಲೆ ಬಡಿಯಲು ಎತ್ತಿದ್ದು ಹಾಗೇ ಇದೆ. ಸಾವಿನ ಹಾಳೆಯಲ್ಲಿ ನಗುವವರನ್ನು ನಮ್ಮೂರಿನಲ್ಲಿ ಯಾರೂ ಹಾಕಿಲ್ಲ. ಗಿನಾ ಅಜ್ಜಿ ತನ್ನದನ್ನು ತೆಗೆದುಕೊಂಡು ಹೋಗಲು ಬಂದಳು. ಹಾಳೆಯ ಹತ್ತಿರ ಹೋಗಿ ನೋಡಿದಳು, ಹಿಂದೆ ಸರಿದು ನೋಡಿದಳು. ಮಸುಕಾಗಿದೆ ಅಲ್ವಾ ಅಜ್ಜಿ ಅಂದೆ.

"ಮಸುಕಾ? ನಂಗೆ ಎಲ್ರೂ ಹೀಗೇ ಕಾಣೋದು" ಅಂದಳು. "ಆ ಪೊಲೀಸ್ ಫೋಟೋದಲ್ಲಿ ಇವ್ನು ಯಾರೋ ಅನ್ಕೊಂಡಿದ್ದೆ. ಇವ್ನು ಲ್ಯೂಬೆನ್ನೇ. ಕೇಳಿಸ್ತಿದೆ ನೋಡು."

ತನ್ನ ಫೋಟೋವನ್ನು ಲಕೋಟೆಯಿಂದ ತೆಗೆದು ನೋಡಿದಳು. ಅವಳು ಹೇಳಿದ ಹಾಗೇ ಸುಕ್ಕು ಅರ್ಧ ತೆಗೆದಿದ್ದೆ. ವಾಪಸ್ ನನ್ನ ಕೈಯಲ್ಲಿಟ್ಟು, "ಮುಂದಿನ ವಾರ ಬರ್ತೀನಿ, ನಂಗೂ ಏನಾದ್ರೂ ನಗೋ ಅಂಥದ್ ಹೇಳು" ಅಂದು ಹೋದಳು.

ಹಾಳೆಗಳು ಹನ್ನೆರಡು ಇವೆ. ಅಂಗಡಿಯ ಬಾಗಿಲಿಗೆ, ಮನೆಯ ಬಾಗಿಲಿಗೆ, ಚರ್ಚಿನ ಹಲಗೆಗೆ, ಮಾರುಕಟ್ಟೆಗೆ, ಕಂಬಗಳಿಗೆ. ಬಸ್ ನಿಲ್ದಾಣದ ಗಾಜಿಗೆ ಒಂದು. ಪ್ಲೊವ್ದಿವ್‌ನಿಂದ ಬರುವವರಿಗೂ ಸೋಫಿಯಾ ಬಸ್ಸೇ, ಅದರಿಂದ ಇಳಿದವರಿಗೆ ಮೊದಲು ಕಾಣುವುದು ಅದೇ.

ನಾಳೆ ಬೆಳಿಗ್ಗೆ ಗಾಳಿ ಜೋರಾಗಿರುತ್ತದಂತೆ, ನಾಲ್ಕು ಮೂಲೆಗೂ ಟೇಪ್ ಹಚ್ಚಬೇಕು.

ನೆವೆನಾ